ಗಿರಣಿ ಗೇಟಿನ ಹೊರಗೆ ಅಪ್ಪನನ್ನು ನಿಲ್ಲಿಸಿದವಳು

ಬೆಳಗಿನ ಐದೂ ಮುಕ್ಕಾಲು. ಬೀದಿದೀಪಗಳು ಇನ್ನೂ ಆರಿಲ್ಲ. ಹಳೇ ಪೇಟೆಯ ತಿರುವಿನಲ್ಲಿ, ಮರದ ಹಲಗೆಗಳನ್ನೇ ಬಾಗಿಲಾಗಿ ಜೋಡಿಸುವ ಅಂಗಡಿಯೊಂದರ ಮುಂದೆ ಐವತ್ತೆರಡು ವರ್ಷದ ಹೆಂಗಸೊಬ್ಬರು ಕುಕ್ಕರಗಾಲಿನಲ್ಲಿ ಕೂತು ಹೊಸ್ತಿಲಿನ ಎತ್ತರ ಅಳೆಯುತ್ತಿದ್ದಾರೆ. ಕೈಯಲ್ಲಿ ದರ್ಜಿಯ ಟೇಪು, ಹಲ್ಲುಗಳ ನಡುವೆ ಪೆನ್ಸಿಲ್ಲು, ಮೊಣಕಾಲ ಮೇಲೆ ನೋಟ್‌ಬುಕ್ಕು. ಹಲಗೆಗಳ ಮೇಲೆ ಒಂದರಿಂದ ಹದಿನಾಲ್ಕರವರೆಗೆ ಅಂಕಿ ಬರೆದಿದೆ. ಏಳು ಮತ್ತು ಎಂಟು ಅದಲುಬದಲಾಗಿವೆ. ಅದನ್ನೂ ಇವರು ಇದ್ದ ಹಾಗೆಯೇ ಬರೆದುಕೊಳ್ಳುತ್ತಾರೆ.

ಎದುರಿನ ಕಟ್ಟಡದ ಕಾವಲುಗಾರ ಕಂಬಳಿ ಹೊದ್ದೇ ಎದ್ದು ಬರುತ್ತಾನೆ. “ಒಡೆಯೋಕೆ ಬಂದ್ರಾ ಮೇಡಂ?” ಎಂದು ಕೇಳುತ್ತಾನೆ. “ಇಲ್ಲಪ್ಪ, ಬರೆಯೋಕೆ,” ಎನ್ನುತ್ತಾರೆ ಇವರು, ಪೆನ್ಸಿಲ್ಲು ತೆಗೆಯದೆ. ಆತನಿಗೆ ಸಮಾಧಾನವಿಲ್ಲ. “ಮೊದ್ಲು ಬರ್ಕೊಂಡು ಹೋಗ್ತಾರೆ, ಆಮೇಲೆ ಅವರೇ ಒಡೆಯೋಕೆ ಬರ್ತಾರೆ. ನಾನು ನೋಡಿಲ್ವಾ?” ಇಷ್ಟು ಹೇಳಿ, ಟೇಪಿನ ಇನ್ನೊಂದು ತುದಿಯನ್ನು ತಾನೇ ಹಿಡಿದುಕೊಳ್ಳುತ್ತಾನೆ.

ವಾರಪತ್ರಿಕೆಯ ಕೊನೆಯ ಎಂಟು ಪುಟಗಳಲ್ಲಿ ಬರುವ ಕಾಲಯಾನದ ಕಾಮಿಕ್ಸು ಗೊತ್ತಿಲ್ಲದವರು ಕಡಿಮೆ. ಹಳೆಯ ಕಟ್ಟಡವೊಂದರ ಲಿಫ್ಟಿನಲ್ಲಿ ಮಹಡಿಗಳ ಬದಲು ಇಸವಿಗಳ ಗುಂಡಿಗಳಿವೆ. ಲಿಫ್ಟು ರಿಪೇರಿಯವನು ಗುಂಡಿ ಒತ್ತುತ್ತಾನೆ, ಬಾಗಿಲು ತೆರೆದರೆ ಮೂವತ್ತು ವರ್ಷ ಹಿಂದಿನ ಬೀದಿ. ಅವನಿಗಿರುವ ನಿಯಮ ಒಂದೇ: ಹೋಗಿ ನೋಡಿ ಬರಬಹುದು, ಏನನ್ನೂ ತಿದ್ದುವಂತಿಲ್ಲ. ಆ ರಿಪೇರಿಯವನ ಮೂಗು, ಜುಟ್ಟು, ಜೋಳಿಗೆಯಂಥ ಚೀಲವನ್ನು ಬರೆಯುವ ಕಲಾವಿದರ ಹೆಸರು ಮೊದಲ ಪುಟದಲ್ಲೇ ಅಚ್ಚಾಗುತ್ತದೆ. ಅವನ ಹಿಂದಿರುವ ಬೀದಿ, ದೀಪದ ಕಂಬ, ಬಸ್ಸಿನ ಟಿಕೆಟ್ಟು, ಗೋಡೆಯ ಜಾಹೀರಾತು, ಕಾಲಿಗೆ ತೊಟ್ಟ ಚಪ್ಪಲಿಯ ಪಟ್ಟಿ, ಇವನ್ನೆಲ್ಲ ಬರೆಯುವವರ ಹೆಸರು ಎಲ್ಲೂ ಇಲ್ಲ. ಕಚೇರಿಯಲ್ಲಿ ಅವರನ್ನು ಎಲ್ಲರೂ ಕರೆಯುವುದು ‘ಹಿನ್ನೆಲೆಯಕ್ಕ’ ಎಂದು.

ಹನ್ನೊಂದು ವರ್ಷದಿಂದ ಈ ಕಾಮಿಕ್ಸು ಓದುತ್ತಿದ್ದೇನೆ. ಬೀದಿಯನ್ನು ಯಾರೋ ಕೂತು ಬರೆದಿರಬೇಕು ಎಂಬ ಯೋಚನೆ ಒಮ್ಮೆಯೂ ಬಂದಿರಲಿಲ್ಲ. ಬೀದಿ ತಾನಾಗಿ ಅಲ್ಲಿರುತ್ತದೆ ಎಂದುಕೊಂಡಿದ್ದೆನೇನೋ. ಈ ಮಾತನ್ನು ಅವರ ಮುಂದೆ ಒಪ್ಪಿಕೊಂಡಾಗ ಹಿನ್ನೆಲೆಯಕ್ಕ ನಕ್ಕುಬಿಟ್ಟರು. “ಹಾಗೆ ಅನ್ಸಿದ್ರೆ ನನ್ನ ಕೆಲಸ ಆಯ್ತು ಅಂತ ಅರ್ಥ. ಕಣ್ಣಿಗೆ ಬಿತ್ತು ಅಂದ್ರೆ ಎಲ್ಲೋ ತಪ್ಪಿದೀನಿ ಅಂತ.”

ಅವರ ಕೆಲಸದ ಕೋಣೆ ಕಚೇರಿಯ ಮೂರನೇ ಮಹಡಿಯಲ್ಲಿ, ನೀರಿನ ಟ್ಯಾಂಕಿನ ಪಕ್ಕದಲ್ಲಿದೆ. ಒಂದು ಓರೆ ಮೇಜು, ಕುತ್ತಿಗೆ ಬಗ್ಗುವ ದೀಪ, ಗೋಡೆಯುದ್ದಕ್ಕೂ ಹನ್ನೊಂದು ತಗಡಿನ ಟ್ರಂಕು. ಒಂದೊಂದು ಟ್ರಂಕಿನಲ್ಲಿ ಒಂದೊಂದು ಕಾಲ: ಸೋಪಿನ ಹೊದಿಕೆ, ಸಿನಿಮಾ ಟಿಕೆಟ್ಟು, ದರ್ಜಿಯ ರಸೀದಿ, ಗಡಿಯಾರದಂಗಡಿಯ ಕ್ಯಾಲೆಂಡರು, ಯಾರದೋ ಮದುವೆಯ ಗ್ರೂಪ್ ಫೋಟೋ. ವಾರಕ್ಕೆ ಎಂಟು ಪುಟ, ಸುಮಾರು ನಲವತ್ತೈದು ಚೌಕಟ್ಟು. ಅದರಲ್ಲಿ ಮೂವತ್ತಕ್ಕೆ ಹಿನ್ನೆಲೆ ಬೇಕೇಬೇಕು. ಪುಟದಗಲದ ಚೌಕಟ್ಟಾದರೆ ಒಂಬತ್ತು ಗಂಟೆ ಹಿಡಿಯುತ್ತದೆ. ಇಪ್ಪತ್ತಾರು ವರ್ಷದಲ್ಲಿ ಕುತ್ತಿಗೆ ಎಡಕ್ಕೆ ವಾಲಿದೆ, ಕನ್ನಡಕ ಐದು ಸಲ ಬದಲಾಗಿದೆ. ಮಧ್ಯದ ಬೆರಳಿನಲ್ಲಿ ಪೆನ್ನು ಕೂತೂ ಕೂತೂ ಒಂದು ಗುಳಿಯೇ ಬಿದ್ದಿದೆ.

ಅವರ ಹಟದ ಕಥೆಗಳನ್ನು ಕಚೇರಿಯವರು ಬಾಯಿ ಚಪ್ಪರಿಸಿ ಹೇಳುತ್ತಾರೆ. ಒಮ್ಮೆ ರಿಪೇರಿಯವನು ಐವತ್ತು ವರ್ಷ ಹಿಂದೆ ಹೋಗಿ ಪ್ಲಾಸ್ಟಿಕ್ ಲೈಟರಿನಿಂದ ದೀಪ ಹಚ್ಚಿಬಿಟ್ಟಿದ್ದ. ಹಿನ್ನೆಲೆಯಕ್ಕ ಅಚ್ಚಿನ ಮನೆಗೇ ಓಡಿ ಹೋಗಿ ಮಿಷನ್ನು ನಿಲ್ಲಿಸಿದರಂತೆ. “ಅವನು ಇಲ್ಲಿಂದ ಜೇಬಲ್ಲಿ ಇಟ್ಕೊಂಡು ಹೋಗಿರಬಾರ್ದಾ ಅಕ್ಕ?” ಎಂದು ಸಂಪಾದಕರು ಗೋಗರೆದರೆ, “ಹೋಗಿದ್ರೆ ಜೇಬಿಗೆ ಹಾಕ್ಕೊಂಡಿದ್ದನ್ನ ಮೊದಲ ಪುಟದಲ್ಲೇ ತೋರಿಸ್ಬೇಕಿತ್ತು,” ಎಂದರಂತೆ. ಬೀದಿದೀಪಕ್ಕೆ ತಪ್ಪು ಟೋಪಿ ಹಾಕಿದ್ದಕ್ಕೆ ಓದುಗರೊಬ್ಬರು ಬರೆದ ಒಂದು ಸಾಲಿನ ಕಾರ್ಡನ್ನು ಇವತ್ತಿಗೂ ಮೇಜಿನ ಗಾಜಿನಡಿ ಇಟ್ಟಿದ್ದಾರೆ.

ಇಲ್ಲಿಗೆ ನಿಲ್ಲಿಸಿದ್ದರೆ ಚೆಂದದ ಲೇಖನವಾಗುತ್ತಿತ್ತು. ನಾನೂ ಅಷ್ಟಕ್ಕೇ ಹೋಗಿದ್ದೆ. ಎರಡನೇ ಭೇಟಿಯಲ್ಲಿ ಟೀ ಕುಡಿಯುತ್ತಾ, “ನಿಮ್ಮ ಒಂದು ಚಿತ್ರದಲ್ಲೂ ಸುಳ್ಳಿಲ್ಲ ಅಂತ ಬರೀತೀನಿ,” ಎಂದೆ. ಅವರು ಲೋಟ ಕೆಳಗಿಟ್ಟರು. ಮುಖ ಕೆಂಪಾಯಿತು. “ಹಾಗೆ ಬರೀಬೇಡಿ,” ಎಂದರು. “ಬರೆಯೋದಾದ್ರೆ ಇದನ್ನೂ ಬರೀಬೇಕು. ಇಲ್ಲಾಂದ್ರೆ ನನ್ನ ಸುದ್ದೀನೇ ಬೇಡ,” ಎಂದು ಟ್ರಂಕಿನಿಂದ ಒಂದು ಫೋಟೋ, ಒಂದು ಹಳೆಯ ಸಂಚಿಕೆ ತೆಗೆದು ಪಕ್ಕಪಕ್ಕ ಇಟ್ಟರು.

ಫೋಟೋದಲ್ಲಿರುವುದು ಊರಾಚೆಯ ನೂಲಿನ ಗಿರಣಿಯ ಗೇಟು. ನಲವತ್ತೆರಡು ವರ್ಷದ ಹಿಂದೆ ಅಲ್ಲಿ ಎಪ್ಪತ್ತು ದಿನ ಮುಷ್ಕರ ನಡೆದಿತ್ತು. ಅದರ ಅರವತ್ತೊಂದನೇ ದಿನ ತೆಗೆದ ಚಿತ್ರ ಅದು. ಗೇಟಿನ ಹೊರಗೆ ಇನ್ನೂರು ಜನ. ಮುಂದಿನ ಸಾಲಿನಲ್ಲಿ, ಎಡಗೈಗೆ ದಪ್ಪ ಬ್ಯಾಂಡೇಜು ಸುತ್ತಿಕೊಂಡ ಒಬ್ಬ ಆ ಕೈಯನ್ನೇ ಎತ್ತಿ ಹಿಡಿದಿದ್ದಾನೆ. ಮುಷ್ಕರಕ್ಕೆ ವಾರ ಮುಂಚೆ ಹತ್ತಿಯನ್ನು ಹಿಂಜುವ ಯಂತ್ರ ಅವನ ಎರಡು ಬೆರಳು ತಿಂದಿತ್ತು, ಗಾಯ ಇನ್ನೂ ಮಾಗಿರಲಿಲ್ಲ. ಫೋಟೋ ಕಳಿಸಿದ್ದು ಅವನ ಹೆಂಡತಿ. ಈಗ ಎಪ್ಪತ್ತೆಂಟು ವರ್ಷ. ಅದೇ ಗಿರಣಿಯಲ್ಲಿ ಬಾಬಿನ್ ಉರುಳೆಗಳಿಗೆ ನೂಲು ಸುತ್ತುತ್ತಿದ್ದವರು. ಅವರ ಬೀದಿಯಲ್ಲಿ ಅವರು ಬಾಬಿನ್ ಅಜ್ಜಿ. ‘ಹಳೆಯ ಫೋಟೋಗಳಿದ್ದರೆ ಕಾಮಿಕ್ಸಿಗೆ ಕಳಿಸಿಕೊಡಿ’ ಎಂದು ಪತ್ರಿಕೆ ಕೇಳಿದಾಗ ತಮ್ಮ ಬಳಿಯಿದ್ದ ಒಂದೇ ಒಂದು ಪ್ರತಿಯನ್ನು ಕಳಿಸಿದ್ದರು.

ಫೋಟೋ ನೋಡಿ ಬರೆಯುವಾಗ ಕಚೇರಿಯ ಒಂದು ಪದ್ಧತಿ ಇದೆ. ಕಟ್ಟಡ, ಬಟ್ಟೆ, ಬೋರ್ಡು, ನಿಂತ ಭಂಗಿ ಎಲ್ಲವೂ ಇದ್ದ ಹಾಗೇ ಇರಬೇಕು. ಮುಖಗಳನ್ನು ಮಾತ್ರ ಬದಲಿಸಬೇಕು. ನಾಳೆ ಯಾರೂ ಬಂದು ‘ನಮ್ಮ ತಾತನನ್ನು ಕೇಳದೆ ಯಾಕೆ ಹಾಕಿದಿರಿ’ ಎನ್ನಬಾರದಲ್ಲ. ಫೋಟೋ ಕೊಟ್ಟವರಿಗೂ ಇದನ್ನು ಮೊದಲೇ ಕಾಗದ ಬರೆದು ತಿಳಿಸುತ್ತಾರೆ. ಹಾಗಾಗಿ ಇನ್ನೂರು ಜನಕ್ಕೆ ಇನ್ನೂರು ಕಲ್ಪನೆಯ ಮುಖ ಬರೆಯುವ ಹಕ್ಕು ಹಿನ್ನೆಲೆಯಕ್ಕನಿಗೆ ಇತ್ತು. ನೂರ ತೊಂಬತ್ತೊಂಬತ್ತು ಬರೆದರು. ಬ್ಯಾಂಡೇಜಿನ ಕೈ ಎತ್ತಿದವನ ಕುತ್ತಿಗೆಯ ಮೇಲೆ ಮಾತ್ರ ತಮ್ಮ ಅಪ್ಪನ ಮುಖ ಬರೆದರು.

ಅಪ್ಪ ಆವತ್ತು ಆ ಗುಂಪಿನಲ್ಲಿರಲಿಲ್ಲ. ಗಿರಣಿಯ ಒಳಗಿದ್ದರು.

ಅರವತ್ತೊಂದನೇ ದಿನ ನಸುಕಿನಲ್ಲಿ, ಮುಷ್ಕರ ಮುರಿದು ಹಿಂದಿನ ಬಾಗಿಲಿಂದ ಕೆಲಸಕ್ಕೆ ಹೋದವರು ಹನ್ನೊಂದು ಮಂದಿ. ಯಂತ್ರಗಳಿಗೆ ಎಣ್ಣೆ ಬಿಡುವ ಕೆಲಸದ ಇವರಪ್ಪ ಅವರಲ್ಲೊಬ್ಬರು. ಯಂತ್ರ ತಿರುಗುವ ಸದ್ದು ಹೊರಗೆ ಕೇಳಿತು, ಹೊರಗಿದ್ದವರ ಪಟ್ಟು ಸಡಿಲಿತು. ಒಂಬತ್ತು ದಿನಕ್ಕೆ ಮುಷ್ಕರ ಮುಗಿಯಿತು. ನಲವತ್ತು ಜನರನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಲಿಲ್ಲ, ಬ್ಯಾಂಡೇಜಿನವನು ಅವರಲ್ಲೊಬ್ಬ. ಮೂರೇ ಬೆರಳು ಉಳಿದ ಕೈಯಲ್ಲಿ ಕೊಡೆ ರಿಪೇರಿ ಮಾಡಿಕೊಂಡು ಅವನು ಬದುಕು ಮುಗಿಸಿದ. ಇವರಪ್ಪ ಮತ್ತೆ ಹದಿನೆಂಟು ವರ್ಷ ಅಲ್ಲೇ ದುಡಿದರು. ಬೀದಿಯ ಜನ ಅವರಿಗಿಟ್ಟ ಹೆಸರು ‘ಒಳಗಿನವನು’. ಆಗ ಇವರಿಗೆ ಹತ್ತು ವರ್ಷ.

“ಯಾರೂ ಹೊಡೀಲಿಲ್ಲ, ಬೈಯಲಿಲ್ಲ,” ಎನ್ನುತ್ತಾರೆ ಹಿನ್ನೆಲೆಯಕ್ಕ. “ನಾನು ನಲ್ಲಿ ಹತ್ರ ಹೋದ್ರೆ ಎಲ್ಲರೂ ಬಕೆಟ್ ಎತ್ಕೊಂಡು ಪಕ್ಕಕ್ಕೆ ಸರೀತಿದ್ರು. ಇಡೀ ಬೀದಿಯಲ್ಲಿ ಕಾಯದೆ ನೀರು ಸಿಗ್ತಿದ್ದದ್ದು ನನಗೊಬ್ಬಳಿಗೇ. ಆ ನೀರು ಹೊತ್ಕೊಂಡು ಮನೆಗೆ ಬರೋಷ್ಟರಲ್ಲಿ ಸತ್ತು ಹೋಗ್ಬೇಕು ಅನ್ಸೋದು.” ಚಿತ್ರ ಬರೆಯಲು ಕಲಿತದ್ದೂ ಆ ಗಿರಣಿಯ ಸಂಬಳದಲ್ಲೇ ಎಂದು ತಾವಾಗಿಯೇ ಸೇರಿಸುತ್ತಾರೆ. ಅಪ್ಪ ಯಾಕೆ ಒಳಗೆ ಹೋದರು? “ಅವರು ಹೇಳ್ಲಿಲ್ಲ, ನಾವು ಕೇಳ್ಲಿಲ್ಲ. ಅಮ್ಮನೂ ಕೇಳ್ಲಿಲ್ಲ. ನಮ್ಮನೇಲಿ ಆ ಮಾತೇ ಇಲ್ಲ.”

ಹಾಗಾದರೆ ಆ ಮುಖ ಬರೆದದ್ದೇಕೆ ಎಂದು ಕೇಳಿದೆ. ಅವರು ಪೆನ್ನಿನ ಮೊನೆ ಒರೆಸಿ ಕೆಳಗಿಟ್ಟರು. “ಬೇಕಂತಲೇ ಬರೆದೆ. ಕೈ ತಪ್ಪಿ ಬಂತು ಅಂತ ಹೇಳೋಕೆ ಆಗಲ್ಲ. ಪೆನ್ಸಿಲ್ಲಲ್ಲಿ ಬರೆದು ಅಳಿಸ್ದೆ, ಮತ್ತೆ ಬರೆದೆ, ಇಂಕು ಹಾಕ್ದೆ. ಅವತ್ತೊಂದು ದಿನ ನಮ್ಮಪ್ಪನೂ ಹೊರಗೆ ನಿಂತಿರ್ಲಿ ಅನ್ಸ್ತು. ಕಥೇಲಿ ಆ ರಿಪೇರಿಯವನಿಗೇ ತಿದ್ದೋ ಹಾಗಿಲ್ಲ. ನನಗೆ ಯಾರು ಕೊಟ್ಟಿದ್ರು ಆ ಅಧಿಕಾರ?”

ಸಂಚಿಕೆ ಹೊರಬಂದು ಮೂರನೇ ವಾರಕ್ಕೆ ಬಾಬಿನ್ ಅಜ್ಜಿ ಎರಡು ಬಸ್ಸು ಬದಲಿಸಿ ಕಚೇರಿಗೆ ಬಂದರು. ಮೂರು ಮಹಡಿ ಹತ್ತಿ, ಉಸಿರು ಹಿಡಿಯಲು ಹತ್ತು ನಿಮಿಷ ಕೂತು, ಪತ್ರಿಕೆ ಬಿಡಿಸಿ ಬೆರಳಿಟ್ಟರು. ಅಜ್ಜಿ ಅಂದ ಮಾತುಗಳನ್ನು ಹಿನ್ನೆಲೆಯಕ್ಕ ಒಂದಕ್ಷರ ಬಿಡದೆ ಹೇಳುತ್ತಾರೆ. “ಮೈ ನನ್ನ ಗಂಡಂದು. ಅಂಗಿ ನನ್ನ ಗಂಡಂದು, ತೋಳು ನಾನೇ ಹೊಲಿದಿದ್ದು. ಬ್ಯಾಂಡೇಜು ನಾನೇ ಕಟ್ಟಿದ್ದು. ತಲೆ ಮಾತ್ರ ಒಳಗಿನವಂದು. ಮುಖ ಬದಲಾಗುತ್ತೆ ಅಂತ ಕಾಗದ ಬಂದಿತ್ತಮ್ಮ. ದಾರೀಲಿ ಹೋಗೋ ಯಾರ ಮುಖ ಇದ್ದಿದ್ರೂ ಸುಮ್ಮನಿರ್ತಿದ್ದೆ. ಇದೇ ಮುಖ ಯಾಕೆ?”

ಇವರು ಆ ಒಳಗಿನವನ ಮಗಳೆಂದು ಅಜ್ಜಿಗೆ ಗೊತ್ತಿರಲಿಲ್ಲ. ಹೇಳದೇ ಇರಬಹುದಿತ್ತು. ಹಿನ್ನೆಲೆಯಕ್ಕ ಹೇಳಿದರು. ಅಜ್ಜಿ ಅವರನ್ನು ಮೇಲಿಂದ ಕೆಳಗೆ ನೋಡಿ, “ಬಕೆಟ್ ಹುಡುಗಿ ನೀನೇನಾ?” ಎಂದರಂತೆ.

ಮನೆಯಲ್ಲಿ ಆಗಿದ್ದು ಇನ್ನೊಂದು. ಅಪ್ಪನಿಗೀಗ ಎಂಬತ್ತೊಂದು. ಮನೆಯಲ್ಲಿರುವುದು ಇವರಿಬ್ಬರೇ. ವಾರಕ್ಕೊಮ್ಮೆ ಗಡ್ಡ ಬೋಳಿಸಿಕೊಳ್ಳಲು ಬೀದಿ ಕೊನೆಯ ಕ್ಷೌರದಂಗಡಿಗೆ ಹೋಗುವುದು ಅವರ ಹಬ್ಬ, ಜಾತ್ರೆ ಎಲ್ಲವೂ. ಆ ಅಂಗಡಿಗೆ ಈ ಪತ್ರಿಕೆ ಬರುತ್ತದೆ. ಆ ಸಂಚಿಕೆ ಬಂದ ಮೇಲೆ ಅಪ್ಪ ಅಂಗಡಿಗೆ ಹೋಗುವುದನ್ನು ನಿಲ್ಲಿಸಿದರು. ಬಿಳಿ ಗಡ್ಡ ಬೆಳೆಯತೊಡಗಿತು. ಮಗಳು ಕೇಳಿದಾಗ ಸಿಕ್ಕ ಉತ್ತರ: “ನಲವತ್ತು ವರ್ಷಕ್ಕೆ ಜನ ಮರೆತಿದ್ರು ಪುಟ್ಟಿ. ನೀನು ಚಿತ್ರ ಬರೆದು ತೋರಿಸ್ದೆ. ಅಂಗಡೀಲಿ ಒಬ್ಬ ಕನ್ನಡೀಲಿ ನನ್ನ ಮುಖ ನೋಡ್ಕೊಂಡೇ ಪತ್ರಿಕೆ ತಿರುಗಿಸಿ ಹಿಡ್ದ. ಏನೂ ಅನ್ನಲಿಲ್ಲ.” ಉಪಕಾರ ಮಾಡಲು ಹೋಗಿ ಅಪ್ಪನ ಹಳೆಯ ಗಾಯವನ್ನು ತಾನೇ ಕೆದಕಿದೆ ಎಂದು ಹೇಳುವಾಗ ಹಿನ್ನೆಲೆಯಕ್ಕ ನನ್ನ ಕಡೆ ನೋಡುವುದಿಲ್ಲ.

ನಾನು ಅವರನ್ನು ಭೇಟಿಯಾದ ವಾರವೇ ಆ ಕಥೆ ಪುಸ್ತಕವಾಗಿ ಅಚ್ಚಿಗೆ ಹೋಗುವುದರಲ್ಲಿತ್ತು. ಶನಿವಾರ ಕಡೇ ದಿನ. ಅಲ್ಲಿಯವರೆಗೆ ತಿದ್ದಬಹುದು, ಆಮೇಲೆ ಆ ಸುಳ್ಳು ಗಟ್ಟಿ ರಟ್ಟಿನೊಳಗೆ ಶಾಶ್ವತವಾಗಿ ಕೂತುಬಿಡುತ್ತದೆ. ಸಂಪಾದಕರದು ಒಳ್ಳೆಯ ಮನಸ್ಸು, ಉಪಾಯವೂ ಸಿದ್ಧವಿತ್ತು. “ಹೆಬ್ಬೆಟ್ಟಿನಷ್ಟುದ್ದ ಮನುಷ್ಯ ಅಕ್ಕ. ಒಂದು ಮೀಸೆ ಬಳಿದುಬಿಡಿ. ದೇವರಿಗೂ ಗೊತ್ತಾಗಲ್ಲ.” ಬಾಬಿನ್ ಅಜ್ಜಿಯ ಮಾತು ಬೇರೆ: “ನನ್ನ ಗಂಡನ ಮುಖ ನನಗೆ ವಾಪಸ್ ಕೊಡು. ನಿಮ್ಮಪ್ಪನ್ನ ಬರೀಲೇಬೇಕು ಅಂದ್ರೆ ಎಲ್ಲಿದ್ದನೋ ಅಲ್ಲಿ ಬರಿ.”

ಹಿನ್ನೆಲೆಯಕ್ಕ ಮೀಸೆ ಬಳಿದೂ ನೋಡಿದರಂತೆ. “ಮಾರುವೇಷ ಹಾಕ್ಕೊಂಡ ಕಳ್ಳನ ಹಾಗೆ ಕಂಡ್ರು ಅಪ್ಪ. ಹೇಸಿಗೆ ಆಯ್ತು, ನನ್ನ ಮೇಲೆ.” ಆ ಹಾಳೆಯನ್ನು ನಾಲ್ಕು ಚೂರು ಮಾಡಿ ಬುಟ್ಟಿಗೆ ಹಾಕಿದರು. ಹೊಸ ಹಾಳೆಯಲ್ಲಿ ಇಡೀ ಚೌಕಟ್ಟನ್ನು ಮೊದಲಿನಿಂದ ಬರೆದರು. ಬ್ಯಾಂಡೇಜಿನವನಿಗೆ ಅವನ ಸ್ವಂತ ಮುಖ ಕೊಟ್ಟರು. ಪದ್ಧತಿ ಮುರಿಯಲು ಅಜ್ಜಿಯಿಂದ ಒಪ್ಪಿಗೆಯ ಕಾಗದ ಬರೆಸಿಕೊಂಡರು. ಅಪ್ಪನನ್ನು ಬಿಟ್ಟೇಬಿಡಬಹುದಿತ್ತು. ಬಿಡಲು ಮನಸ್ಸು ಬರಲಿಲ್ಲ. ಆದರೆ ಗಿರಣಿಯ ಒಳಗೆ ಯಾರೂ ಫೋಟೋ ತೆಗೆದಿಲ್ಲ. ಹನ್ನೊಂದು ಟ್ರಂಕಿನಲ್ಲಿ ಎಲ್ಲಿ ಹುಡುಕಿದರೂ ಆಧಾರವಿಲ್ಲ. ಆಧಾರವಿಲ್ಲದೆ ಬರೆಯುವ ಜಾಯಮಾನ ಇವರದಲ್ಲ.

ಗುರುವಾರ ಸಂಜೆ ನೋಟ್‌ಬುಕ್ಕು ಹಿಡಿದು ಅಪ್ಪನ ಮಂಚದ ಪಕ್ಕ ಕೂತರು. ನಲವತ್ತೆರಡು ವರ್ಷದಿಂದ ಆ ಮನೆಯಲ್ಲಿ ಯಾರೂ ಕೇಳದ ಪ್ರಶ್ನೆಯನ್ನು, ಅಂಗಡಿಯವನಲ್ಲಿ ಹೊಸ್ತಿಲಿನ ಎತ್ತರ ಕೇಳುವ ದನಿಯಲ್ಲೇ ಕೇಳಿದರು. “ಅಪ್ಪ, ಅವತ್ತು ಒಳಗೆ ಎಲ್ಲಿ ನಿಂತಿದ್ರಿ?”

ಅಪ್ಪ ಗೋಡೆ ಕಡೆ ತಿರುಗಿ ಮಲಗಿದರಂತೆ. ಇವರು ಏಳಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಅಪ್ಪ ಗೋಡೆಗೇ ಹೇಳತೊಡಗಿದರು. ಗೇಟಿನ ಕಡೆಗೆ ಎಂಟು ಕಿಟಕಿ. ಬಿಸಿಲು ಬೀಳದಿರಲೆಂದು ಗಾಜಿಗೆಲ್ಲ ನೀಲಿ ಬಣ್ಣ ಬಳಿದಿದ್ದರು, ಒಳಗಿನಿಂದ ಏನೂ ಕಾಣುತ್ತಿರಲಿಲ್ಲ. “ಮೂರನೇದು. ಕೆಳಗಡೆ ಗಾಜು. ಎಣ್ಣೆ ಡಬ್ಬಿ ಮೂತೀಲಿ ಬಣ್ಣ ಕೆರೆದು ಒಂದು ತೂತು ಮಾಡ್ಕೊಂಡೆ. ಕಣ್ಣಿಟ್ಟು ನೋಡ್ದೆ. ಅವನು ಕೈ ಎತ್ತಿದ್ದ. ಬ್ಯಾಂಡೇಜು ಕಾಣಿಸ್ತು.” ಆಮೇಲೆ, ಯಾರೂ ಕೇಳದಿದ್ದರೂ, “ಯಾಕೆ ಹೋದೆ ಅಂದ್ರೆ ಹೆದರಿಕೆ ಪುಟ್ಟಿ. ಬೇರೆ ಏನೂ ಇಲ್ಲ. ದೊಡ್ಡ ಕಾರಣ ಹುಡುಕ್ಬೇಡ,” ಎಂದರು.

ಇದನ್ನು ಬರೆಯುವಾಗ ನನಗೂ ಸಂಕೋಚವಾಗುತ್ತಿದೆ. ಆ ಗೇಟಿನ ಮುಂದೆ ನಾನಿದ್ದಿದ್ದರೆ ಎಲ್ಲಿ ನಿಲ್ಲುತ್ತಿದ್ದೆನೋ ನನಗೆ ಗೊತ್ತಿಲ್ಲ. ಹೊರಗೆ ನಿಲ್ಲುತ್ತಿದ್ದೆ ಎಂದು ಬರೆಯಲು ಕೈ ಬರುವುದಿಲ್ಲ.

ಹಿನ್ನೆಲೆಯಕ್ಕ ಶುಕ್ರವಾರ ಮೂರನೇ ಕಿಟಕಿ ಬರೆದರು. ಕಪ್ಪು ಇಂಕಿನ ಕಾಮಿಕ್ಸಿನಲ್ಲಿ ನೀಲಿ ಗಾಜೂ ಕಪ್ಪೇ. ಅದರಲ್ಲಿ ನಾಣ್ಯದಷ್ಟು ತೂತು, ಅದರೊಳಗೆ ಅಪ್ಪನ ಒಂದು ಕಣ್ಣು, ಹುಬ್ಬು, ಮೂಗಿನ ಅಂಚು. ಮನೆಗೆ ತಂದು ತೋರಿಸಿದರು. ಅಪ್ಪ ಭೂತಗನ್ನಡಿ ಹಿಡಿದು ನೋಡಿದರು. ಗೇಟು ನೋಡಿದರು, ಬ್ಯಾಂಡೇಜಿನವನ ಮುಖದ ಮೇಲೆ ಬಹಳ ಹೊತ್ತು ನಿಂತರು, ಕಿಟಕಿಗೆ ಬಂದರು. “ಇಷ್ಟು ದೊಡ್ಡ ತೂತು ಎಲ್ಲಿತ್ತು? ಅಷ್ಟು ಧೈರ್ಯ ಇರ್ಲಿಲ್ಲ. ಅಂಗಿ ಗುಂಡಿಯಷ್ಟೂ ಇರ್ಲಿಲ್ಲ. ಚಿಕ್ಕದು ಮಾಡು,” ಎಂದರು.

ಚಿಕ್ಕದು ಮಾಡಿದರೆ ಆ ಅಳತೆಯ ಚಿತ್ರದಲ್ಲಿ ಕಣ್ಣೂ ಉಳಿಯುವುದಿಲ್ಲ, ಹುಬ್ಬೂ ಉಳಿಯುವುದಿಲ್ಲ. ಮಗಳು ಅಪ್ಪನ ಎದುರಿಗೇ ಗಾಜನ್ನೆಲ್ಲ ಕಪ್ಪು ಮಾಡಿ, ಸಣ್ಣ ಕುಂಚವನ್ನು ಬಿಳಿ ಬಣ್ಣದಲ್ಲಿ ಅದ್ದಿ ಒಂದು ಚುಕ್ಕಿ ಇಟ್ಟರು. ಅಪ್ಪ ಮತ್ತೆ ಭೂತಗನ್ನಡಿ ಹಿಡಿದು, ತಲೆಯಾಡಿಸಿದರು.

ಶನಿವಾರ ಬೆಳಿಗ್ಗೆ ಬಾಬಿನ್ ಅಜ್ಜಿ ಕಚೇರಿಗೆ ಬಂದಾಗ ನಾನೂ ಅಲ್ಲಿದ್ದೆ. ಗಂಡನ ಮುಖವನ್ನು ಅವರು ಕಣ್ಣಿಗೆ ತೀರಾ ಹತ್ತಿರ ಹಿಡಿದು ನೋಡಿದರು. “ಕಿವಿ ಇನ್ನೊಂದು ಚೂರು ದೊಡ್ಡದಿತ್ತು. ಇರ್ಲಿ, ಅವನಿಗೂ ಹೀಗಿದ್ರೇ ಇಷ್ಟ ಆಗ್ತಿತ್ತು,” ಎಂದು ಸೆರಗಿನಿಂದ ಮೂಗೊರೆಸಿಕೊಂಡರು. ಆಮೇಲೆ ಕೇಳಿದರು, “ನಿಮ್ಮಪ್ಪ ಎಲ್ಲಿ?” ಹಿನ್ನೆಲೆಯಕ್ಕ ಚುಕ್ಕಿ ತೋರಿಸಿದರು. ತೂತಿನ ಕಥೆ ಹೇಳಿದರು.

ಅಜ್ಜಿಯ ಮನಸ್ಸು ಕರಗುತ್ತದೆ ಎಂದು ನಾನು ಕಾಯುತ್ತಿದ್ದೆ, ಲೇಖನಕ್ಕೂ ಒಳ್ಳೆಯದಿತ್ತು. ಅಜ್ಜಿ ಚುಕ್ಕಿಯನ್ನೇ ನೋಡುತ್ತಾ, “ನೋಡ್ತಾ ಇದ್ದನಾ? ಹಾಗಾದ್ರೆ ಇನ್ನೂ ತಪ್ಪು. ನೋಡ್ಕೊಂಡೂ ಒಳಗೇ ಇದ್ನಲ್ಲ,” ಎಂದರು. ಹಿನ್ನೆಲೆಯಕ್ಕ ತಲೆ ತಗ್ಗಿಸಿ, “ಹೌದಜ್ಜಿ,” ಎಂದರು. ಅಜ್ಜಿ ಚಿತ್ರವನ್ನು ಮೇಜಿನ ಮೇಲೆ ಮೆಲ್ಲಗೆ, ಮಡಿಕೆ ಬೀಳದ ಹಾಗೆ ಇಟ್ಟರು. “ಸರಿ, ಅಚ್ಚು ಹಾಕ್ಸು. ಇದ್ದಿದ್ದು ಹಾಗೇ,” ಎಂದು ಹೇಳಿ ಬಸ್ಸು ಹಿಡಿಯಲು ಹೊರಟರು. ಮೆಟ್ಟಿಲಿಳಿಯುವಾಗ ಹಿನ್ನೆಲೆಯಕ್ಕ ಕೊಟ್ಟ ಕೈಯನ್ನು ಹಿಡಿಯಲಿಲ್ಲ, ಕಂಬಿ ಹಿಡಿದೇ ಇಳಿದರು.

ಹಾಳೆ ಅಚ್ಚಿಗೆ ಹೋಯಿತು. ಅಪ್ಪ ಕ್ಷೌರದಂಗಡಿಗೆ ಇನ್ನೂ ಹೋಗಿಲ್ಲ. ಮನೆಯಲ್ಲಿ ಮಗಳೇ ಗಡ್ಡ ಬೋಳಿಸುತ್ತಾರೆ. ಪುಸ್ತಕದಲ್ಲಿ ನಿಮ್ಮ ಹೆಸರು ಹಾಕುವಂತೆ ಕೇಳಬಾರದೇ ಎಂದು ನಾನು ಸಂಪಾದಕರ ಎದುರಿಗೇ ಕೇಳಿದೆ. ಹಿನ್ನೆಲೆಯಕ್ಕ ಬೇಡವೆಂದು ಕೈ ಅಡ್ಡ ಆಡಿಸಿದರು. ನಲ್ಲಿಯ ಹತ್ತಿರ ಶುರುವಾದ ಆ ನಾಚಿಕೆ ಈಗ ಕಡಿಮೆಯಾಯಿತೇ ಎಂದು ಹೊರಡುವಾಗ ಕೇಳಿದೆ. ಕೇಳಬಾರದಿತ್ತೇನೋ.

“ಎಲ್ಲಿ ಹೋಗುತ್ತೆ? ಇರುತ್ತೆ,” ಎಂದರು ಹಿನ್ನೆಲೆಯಕ್ಕ, ಮುಂದಿನ ವಾರದ ಹಾಳೆಗೆ ಗೆರೆ ಎಳೆಯುತ್ತಾ. “ಆದ್ರೆ ಇಪ್ಪತ್ತಾರು ವರ್ಷದಲ್ಲಿ ನಮ್ಮಪ್ಪ ನನ್ನ ಚಿತ್ರ ತಿದ್ದಿದ್ದು ಅದೊಂದೇ ಸಲ. ಸರಿಯಾಗಿ ತಿದ್ದಿದ್ರು.”